ಬಚ್ಚಲಿನ ಸ್ವಿಚ್ಚು ಗೋಡೆಯ ಆಚೆ ಬರಲಿ

ಹೆಸ್ಕಾಂ ಅಧಿಕಾರಿಗಳಿಗೆ, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯವರಿಗೆ, ಈ ಅವಳಿ ಊರಿನಲ್ಲಿ ಮನೆ ಬಾಡಿಗೆಗೆ ಕೊಡುವ ಮಾಲಕರಿಗೆ, ಮತ್ತು ವೈರಿಂಗ್ ಕೆಲಸ ಮಾಡುವ ಅಣ್ಣಂದಿರಿಗೆ,

ನಮಸ್ಕಾರ.

ನಾನು ಧಾರವಾಡದಲ್ಲಿ ಬಾಡಿಗೆ ಮನೆಯಲ್ಲಿ ಇರುವವಳು. ಎಂಜಿನಿಯರ್ ಅಲ್ಲ. ಕಳೆದ ಡಿಸೆಂಬರಿನ ಒಂದು ಬೆಳಗಿನ ತನಕ ಎಂಸಿಬಿ (ಕರೆಂಟು ಅಳತೆ ಮೀರಿದರೆ ತಾನೇ ಬೀಳುವ, ಮೀಟರ್ ಬೋರ್ಡಿನ ಸ್ವಿಚ್ಚು) ಅಂದರೆ ಏನು, ಅದು ಯಾವುದರಿಂದ ಕಾಪಾಡುತ್ತೆ, ಯಾವುದರಿಂದ ಕಾಪಾಡಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ. ನನಗೆ ಗೊತ್ತಾದ ರೀತಿಯಲ್ಲಿ ಇನ್ಯಾರಿಗೂ ಗೊತ್ತಾಗುವುದು ಬೇಡ ಅಂತ ಈ ಪತ್ರ.

ಅವ್ವ ರೋಣದ ಕಡೆಯ ನಮ್ಮ ಊರಿನಿಂದ ಬಂದಿದ್ದಳು. ಊರಲ್ಲಿ ನಮ್ಮದು ಇನ್ನೂ ಹಂಡೆ ಬಚ್ಚಲು. ಹತ್ತಿ ಕಟ್ಟಿಗೆ ಉರಿಸಿ ನೀರು ಕಾಯಿಸುತ್ತಾರೆ. ಗೀಸರು, ಶವರು ಎಲ್ಲ ಅವ್ವನಿಗೆ ಹೊಸದು. ನಾನೇ ಹೇಳಿಕೊಟ್ಟೆ, ಇದು ಬಿಸಿನೀರಿನ ನಳ, ಇದು ತಣ್ಣೀರಿನದು, ಮೇಲಿಂದ ನೀರು ಬೀಳುತ್ತೆ ಅಂತ. ಅವಳಿಗೆ ಬಚ್ಚಲಲ್ಲಿ ಮಣೆ ಇಲ್ಲದೆ ಆಗಲ್ಲ. ಊರಿಂದ ಬರುವಾಗಲೇ ಒಂದು ಕಟ್ಟಿಗೆ ಮಣೆ ತಂದಿದ್ದಳು. ಅವತ್ತು ಅದರ ಮೇಲೆ ಕೂತು ಸ್ನಾನ ಮಾಡುತ್ತಿದ್ದಳು.

ನಾನು ಅಡಿಗೆಮನೆಯಲ್ಲಿ ಇದ್ದೆ. ಒಳಗಿಂದ ಕೂಗಿದಳು. "ಯವ್ವಾ, ನೀರು ಕಚ್ಚಾಕತ್ತೈತಿ!"

ನನಗೆ ಮೊದಲು ಅರ್ಥ ಆಗಲಿಲ್ಲ. ನೀರು ಜಾಸ್ತಿ ಬಿಸಿ ಆಗಿರಬೇಕು ಅಂದುಕೊಂಡೆ. ಮತ್ತೆ ಕೂಗಿದಳು. ನಳ ಮುಟ್ಟಿದರೆ ಜುಂ ಅಂತದ, ಕೈ ಹಿಡದಂಗ ಆಗತದ ಅಂದಳು. ಆಗ ಎದೆ ಝಲ್ಲೆಂದಿತು. ಓಡಿದೆ. ಬಾಗಿಲಿಗೆ ಒಳಗಿಂದ ಚಿಲಕ. ಗೀಸರಿನ ಸ್ವಿಚ್ಚು ಬಚ್ಚಲ ಒಳಗೆ, ಶವರಿನಿಂದ ಒಂದು ಮೊಳ ಆಚೆ. ನಾನು ಹೊರಗೆ, ಸ್ವಿಚ್ಚು ಒಳಗೆ, ನಡುವೆ ಚಿಲಕ ಹಾಕಿದ ಬಾಗಿಲು. "ತಡೀ, ಗೀಸರ್ ಬಂದ್ ಮಾಡತೀನಿ" ಅಂತ ಅವ್ವ ಒಳಗಿಂದ ಅಂದಾಗ ನಾನು ಚೀರಿದೆ, "ಬ್ಯಾಡಬೇ, ಏನೂ ಮುಟ್ಟಬ್ಯಾಡ, ಮಣಿ ಮ್ಯಾಲಿಂದ ಇಳೀಬ್ಯಾಡ" ಅಂತ. ಮೈಯೆಲ್ಲ ತೊಯ್ದ ಹೆಂಗಸು, ತೊಯ್ದ ಕೈಯಿಂದ, ತೊಯ್ದ ಬೋರ್ಡಿನ ಸ್ವಿಚ್ಚು ಒತ್ತಲು ಕೈ ಚಾಚಿದ್ದಳು.

ಮೀಟರ್ ಬೋರ್ಡು ಕೆಳಗೆ ಜಿನೆ, ಅಂದರೆ ಮೆಟ್ಟಿಲಿನ ಅಡಿಯಲ್ಲಿ. ಓಡಿದೆ. ಅಲ್ಲಿ ಆರು ಎಂಸಿಬಿ. ಒಂದರ ಮೇಲೂ ಯಾವ ಮನೆಯದು ಅಂತ ಬರೆದಿಲ್ಲ. ಎಲ್ಲವನ್ನೂ ಕೆಳಗೆ ಎಳೆದೆ. ಇಡೀ ಕಟ್ಟಡದ ಕರೆಂಟು ಹೋಯಿತು. ಮೇಲಿನ ಮನೆಯವರು ಬೈಯುತ್ತ ಇಳಿದು ಬಂದರು. ಬೈಯಲಿ. ಅವ್ವ ಹೊರಗೆ ಬಂದಳು. ಬಲಗೈ ಸಂಜೆ ತನಕ ಜೋಮು ಹಿಡಿದಿತ್ತು. ಡಾಕ್ಟರು ಇಸಿಜಿ ಮಾಡಿ ಏನೂ ಆಗಿಲ್ಲ ಅಂದರು. ಅವತ್ತಿನಿಂದ ಆ ಮಣೆಯನ್ನು ನಾನು ಒರೆಸಿ ಒಣಗಿಸಿ ಇಡುತ್ತೇನೆ.

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ವೈರ್‌ಮನ್ ಕೆಲಸ ಮಾಡಿ ರಿಟೈರ್ ಆದವರು. ಅವರನ್ನು ಕರೆದೆ. ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಬಚ್ಚಲಿನ ಬೋರ್ಡಿನ ಸ್ಕ್ರೂ ತೆಗೆದರು. ನಾಲ್ಕರಲ್ಲಿ ಎರಡು ತುಕ್ಕು ಹಿಡಿದು ತಿರುಗಲೇ ಇಲ್ಲ. ಪ್ಲೇಟು ಎತ್ತಿ ಮೊಬೈಲ್ ಬೆಳಕು ಹಿಡಿದು ತೋರಿಸಿದರು. ಒಳಗಿನ ಡಬ್ಬಿಯ ಮೇಲೆ ನೀರಿನ ಹನಿ ಸಾಲಾಗಿ ನಿಂತಿತ್ತು. ಹಿತ್ತಾಳೆ ಸ್ಕ್ರೂಗಳ ಮೇಲೆ ಹಸಿರು ಕಿಲುಬು. 16 ಆಂಪಿಯರ್ ಪ್ಲಗ್ಗಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ಕು ಕರಕಲಾಗಿತ್ತು. ಇಷ್ಟೆಲ್ಲ ಇದ್ದರೂ ಅವ್ವನಿಗೆ ಶಾಕ್ ಹೊಡೆದದ್ದು ಬೋರ್ಡಿನಿಂದ ಅಲ್ಲ. ಗೀಸರಿನ ಒಳಗಿನ ಕಾಯಿಲ್ ಒಡೆದಿತ್ತು. ನಮ್ಮದು ಬೋರ್ ನೀರು, ಗಡಸು. ಕಾಯಿಲ್ ಮೇಲೆ ಸುಣ್ಣ ಪದರ ಪದರವಾಗಿ ಕಟ್ಟುತ್ತೆ. ಶಾಖ ನೀರಿಗೆ ಹೋಗಲ್ಲ, ಕಾಯಿಲ್ ಒಳಗೊಳಗೇ ಕಾಯ್ದು ಕೊನೆಗೆ ಮೇಲಿನ ಹೊದಿಕೆ ಬಿರಿಯುತ್ತೆ. ಬಿರಿದ ಜಾಗದಲ್ಲಿ ಕರೆಂಟು ನೇರ ನೀರಿಗೆ. ನೀರಿನಿಂದ ಸ್ಟೀಲಿನ ನಳಕ್ಕೆ.

ಇಂಥ ಹೊತ್ತಿಗೇ ಅಂತ ಅರ್ಥಿಂಗ್ ಇರುತ್ತೆ, ಅಲ್ವಾ? ಆ ಕರೆಂಟು ಮನುಷ್ಯನ ಮೈಮೇಲೆ ಬರದೆ ತಂತಿ ಹಿಡಿದು ನೆಲಕ್ಕೆ ಇಳಿಯಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ದಪ್ಪ, ಉದ್ದ ಇರುವುದು ಅದಕ್ಕೇ. ಹಾಕುವಾಗ ಅದು ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ನಮ್ಮ ಪ್ಲಗ್ಗಿನಲ್ಲಿ ಪಿನ್ನು ಇತ್ತು. ಅದು ಕೂರುವ ತೂತಿನ ಹಿಂದೆ ತಂತಿ ಇರಲಿಲ್ಲ. ಅರ್ಥಿಂಗಿನ ಹಸಿರು ವೈರನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಡಬ್ಬಿಯ ಮೂಲೆಯಲ್ಲಿ ಮಡಚಿ ಇಟ್ಟಿದ್ದರು. ಯಾರು, ಯಾವಾಗ, ಯಾಕೆ ಮಾಡಿದರೋ. ಕಾಕಾ ಬಹಳ ಹೊತ್ತು ಅದನ್ನೇ ನೋಡಿದರು. "ಟೇಪ್ ಎಷ್ಟ ಚಂದ ಸುತ್ಯಾನ ನೋಡವಾ" ಅಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು.

ಇನ್ನೊಂದು ಮಾತನ್ನೂ ಅವರೇ ಹೇಳಿದ್ದು. ಹಳೆ ಮನೆಗಳಲ್ಲಿ ನೀರಿನ ಕಬ್ಬಿಣದ ಪೈಪಿಗೇ ಅರ್ಥ್ ವೈರು ಸುತ್ತಿ ಕೈ ತೊಳೆದುಕೊಂಡವರು ಇದ್ದಾರಂತೆ. ಆಮೇಲೆ ಪೈಪು ತುಕ್ಕು ಹಿಡಿದಾಗ ಅದನ್ನು ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿಸುತ್ತಾರೆ. ಪ್ಲಂಬರ್ ಬಂದು ಹೋಗುತ್ತಾನೆ, ನೀರು ಚೆನ್ನಾಗಿ ಬರುತ್ತೆ, ಎಲ್ಲರಿಗೂ ಖುಷಿ. ಅವತ್ತೇ ಆ ಮನೆಯ ಅರ್ಥಿಂಗ್ ಸತ್ತಿರುತ್ತೆ. ಯಾರಿಗೂ ಗೊತ್ತಾಗಲ್ಲ. ಗುಂಡಿ ತೋಡಿ ಸರಿಯಾಗಿ ಅರ್ಥ್ ಮಾಡಿಸಿದ ಮನೆಯಲ್ಲೂ ಕಷ್ಟ ಇದ್ದೇ ಇದೆ. ಹುಬ್ಬಳ್ಳಿ, ನವಲಗುಂದದ ಕಡೆ ಎರೆ ನೆಲ. ಏಪ್ರಿಲ್‌ನಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಬಿಡುತ್ತೆ. ಗುಂಡಿಯ ತೇವ ಆರಿದರೆ ಮಣ್ಣು ಒಳಗಿನ ಅರ್ಥ್ ಪೈಪನ್ನು ಬಿಟ್ಟು ದೂರ ಸರಿಯುತ್ತೆ. ಬೇಸಿಗೆಯಲ್ಲಿ ಆ ಗುಂಡಿಗೆ ನಾಲ್ಕು ಕೊಡ ನೀರು ಹಾಕಬೇಕು ಅನ್ನೋದನ್ನು ಹಿಂದಿನವರು ತಪ್ಪದೆ ಮಾಡುತ್ತಿದ್ದರು. ಈಗ ಎಷ್ಟೋ ಮನೆಗಳಲ್ಲಿ ಆ ಗುಂಡಿಯ ಮೇಲೆ ಪಾರ್ಕಿಂಗ್ ಟೈಲ್ಸ್ ಬಂದಿದೆ.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಕೇಳಿದೆ. ನನ್ನ ಹಾಗೆ ಬಹಳ ಜನ ಅಂದುಕೊಂಡಿರುತ್ತಾರೆ, ಮನೆಯಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ತಾನೇ ಬೀಳುತ್ತೆ ಅಂತ. ಬೀಳಲ್ಲ. ಅದು ಇರುವುದು ವೈರನ್ನು ಕಾಪಾಡಲು, ಮನುಷ್ಯನನ್ನಲ್ಲ. ಲೆಕ್ಕ ಹೇಳುತ್ತೇನೆ, ನೋಡಿ. ನಮ್ಮ ಮನೆಗೆ ಬರುವುದು 230 ವೋಲ್ಟ್. ತೊಯ್ದ ಮೈಯಲ್ಲಿ ಕರೆಂಟಿಗೆ ಅಡ್ಡಿ ಕಡಿಮೆ, ಸುಮಾರು 1,000 ಓಮ್ ಅಂತ ಹಿಡಿಯಿರಿ. ಆಗ ಮೈಯೊಳಗೆ ಹರಿಯುವುದು 230 ಮಿಲಿ ಆಂಪಿಯರ್. ಹಳೆಯ ಕಾಲದ 60 ವ್ಯಾಟಿನ ಬಲ್ಬು ಎಳೆಯುವುದೂ ಹತ್ತಿರ ಹತ್ತಿರ ಅಷ್ಟೇ ಕರೆಂಟು. ಗೀಸರಿನ 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಮನುಷ್ಯನ ಕೈ ನಳಕ್ಕೆ ಕಚ್ಚಿಕೊಳ್ಳಲು 10 ಮಿಲಿ ಆಂಪಿಯರ್ ಸಾಕು. 30 ದಾಟಿ ಹೆಚ್ಚುತ್ತಾ ಹೋದ ಹಾಗೆ ಹೃದಯದ ಬಡಿತ ತಪ್ಪುವ ಭಯ. ಅಂದರೆ ಬಚ್ಚಲಲ್ಲಿ ಒಬ್ಬರು ಸಾಯುತ್ತಿದ್ದರೂ ಎಂಸಿಬಿಯ ಲೆಕ್ಕದಲ್ಲಿ ಅಲ್ಲಿ ಒಂದು ಬಲ್ಬು ಉರಿಯುತ್ತಿದೆ, ಅಷ್ಟೇ.

ಕಾಪಾಡುವುದು ಬೇರೆ ಪೆಟ್ಟಿಗೆ. ಅದರ ಹೆಸರು ಆರ್‌ಸಿಸಿಬಿ. ಹಳೆಯ ಮಂದಿ ಇಎಲ್‌ಸಿಬಿ ಅಂತಲೇ ಅನ್ನುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಸದಾ ತೂಗುತ್ತಿರುತ್ತೆ. ಫೇಸ್ ಅಂದರೆ ಕರೆಂಟು ಬರುವ ತಂತಿ, ನ್ಯೂಟ್ರಲ್ ಅಂದರೆ ಅದು ವಾಪಸ್ ಹೋಗುವ ತಂತಿ. ಲೆಕ್ಕ ತಪ್ಪಿದರೆ, ಕರೆಂಟು ಎಲ್ಲೋ ಸೋರುತ್ತಿದೆ ಅಂತ ಅರ್ಥ, ಯಾರದ್ದೋ ಮೈಯಿಂದಲೂ ಇರಬಹುದು. ಮನೆಗೆ ಬೇಕಾದ್ದು 30 ಮಿಲಿ ಆಂಪಿಯರಿನದು. ಸೋರಿಕೆ ಅಷ್ಟು ಮುಟ್ಟಿದರೆ ಸೆಕೆಂಡಿನ ಮೂರನೇ ಒಂದು ಭಾಗವೂ ಕಳೆಯುವುದರೊಳಗೆ ಕರೆಂಟು ಕಡಿಯುತ್ತೆ. ಅಂಗಡಿಯಲ್ಲಿ 100, 300ರದ್ದೂ ಸಿಗುತ್ತೆ, ಅವು ಮುಖ್ಯವಾಗಿ ಬೆಂಕಿ ಹತ್ತದಿರಲು. ಕೊಳ್ಳುವಾಗ 30 ಅಂತ ಬರೆದಿದೆಯಾ ಅಂತ ಕಣ್ಣಾರೆ ನೋಡಿ ಕೊಳ್ಳಿ. ನಾವು ಹಾಕಿಸಿದಾಗ ಪೆಟ್ಟಿಗೆಗೆ ಎರಡು ಸಾವಿರದ ಆಸುಪಾಸು ಬಿತ್ತು. ಅದರ ಮೇಲೆ 'ಟಿ' ಅಂತ ಒಂದು ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತುತ್ತೇನೆ, ಟಕ್ ಅಂತ ಬೀಳುತ್ತೆ, ಮತ್ತೆ ಎತ್ತುತ್ತೇನೆ. ಒತ್ತಿದರೂ ಬೀಳದಿದ್ದರೆ ಅದು ಕೆಟ್ಟಿದೆ, ಬದಲಿಸಲೇಬೇಕು.

ಈಗ ಸ್ವಿಚ್ಚಿನ ಮಾತಿಗೆ ಬರುತ್ತೇನೆ. ಈ ಪತ್ರ ಮುಖ್ಯವಾಗಿ ಅದಕ್ಕೇ.

ಬಚ್ಚಲಲ್ಲಿ ನೀರು ಬೀಳುವ ಜಾಗದಿಂದ ಕರೆಂಟಿನ ಸಾಮಾನು ಎಷ್ಟು ದೂರ ಇರಬೇಕು ಅನ್ನೋದಕ್ಕೆ ಅಳತೆಯೇ ಇದೆ. ಐಇಸಿ 60364 ಅಂತ ಹಲವು ದೇಶಗಳು ಆಧಾರವಾಗಿ ಇಟ್ಟುಕೊಂಡಿರುವ ವೈರಿಂಗ್ ಸಂಹಿತೆ. ಅದರಲ್ಲಿ 7-701 ಅನ್ನುವ ಭಾಗ ಪೂರ್ತಿ ಸ್ನಾನದ ಕೋಣೆಗೇ ಮೀಸಲು. ತೊಟ್ಟಿ ಇಲ್ಲದೆ ಸುಮ್ನೆ ನೆಲದ ಮೇಲೆ ನೀರು ಬೀಳುವ ಶವರ್ ಆದರೆ, ಅಂದರೆ ನಮ್ಮೆಲ್ಲರ ಮನೆಯಲ್ಲಿ ಇರುವಂಥದ್ದು ಆದರೆ, ನೀರು ಬರುವ ಬಾಯಿಂದ ಸುತ್ತ 1.2 ಮೀಟರ್, ಎತ್ತರ ನೆಲದಿಂದ 2.25 ಮೀಟರ್ ತನಕ ಅಪಾಯದ ವಲಯ. ಶವರಿನ ಬಾಯಿ ಅದಕ್ಕಿಂತ ಮೇಲಿದ್ದರೆ ಅದರ ಎತ್ತರದ ತನಕ. ಅಲ್ಲಿ ಮನೆಯ ಮಾಮೂಲಿ ಸ್ವಿಚ್ಚು, ಪ್ಲಗ್ಗು ಇರಬಾರದು. ಲೈಟು, ಫ್ಯಾನು ಏನೇ ಹಾಕಿದರೂ ಎಲ್ಲ ಕಡೆಯಿಂದ ನೀರು ಸಿಡಿದರೂ ಒಳಗೆ ಹೋಗದಂಥದ್ದು ಇರಬೇಕು, ಅದರ ಮೇಲೆ ಐಪಿ ಅಂತ ಬರೆದು ಮುಂದೆ ಎರಡು ಅಂಕಿ ಇರುತ್ತೆ, ಎರಡನೆಯ ಅಂಕಿ 4 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು.

1.2 ಮೀಟರ್ ಅಂದರೆ ನಾಲ್ಕು ಅಡಿ. ನಮ್ಮ ಬಾಡಿಗೆ ಮನೆಗಳ ಬಚ್ಚಲು ಎಷ್ಟು? ನಮ್ಮದು ನಾಲ್ಕಕ್ಕೆ ಆರು. ನಾನು ಟೇಪು ಹಿಡಿದು ಶವರಿನಿಂದ ನಾಲ್ಕು ಅಡಿ ಅಳೆದೆ. ಬಾಗಿಲ ಹತ್ತಿರ ಎರಡು ಅಡಿ ಉಳಿಯಿತು. ಅಲ್ಲಿ ಕಮೋಡು ಇದೆ. ಅಂದರೆ ಸುರಕ್ಷಿತವಾಗಿ ಸ್ವಿಚ್ಚು ಹಾಕುವ ಜಾಗ ಈ ಬಚ್ಚಲಲ್ಲಿ ಇಲ್ಲವೇ ಇಲ್ಲ. ಸ್ವಿಚ್ಚು ಹೊರಗೆ ಹೋಗಲೇಬೇಕು. ಬಾಗಿಲ ಪಕ್ಕದ ಗೋಡೆಗೆ, ಆಚೆ ಬದಿಗೆ. ಒಂದು ಗೋಡೆಯ ದಪ್ಪ, ಅಷ್ಟೇ.

ಗೀಸರನ್ನು ಕಿತ್ತು ಹಾಕಿ ಅಂತ ನಾನು ಹೇಳುತ್ತಿಲ್ಲ. ಮೇಲೆ, ಕೈಗೆ ಎಟುಕದ ಎತ್ತರದಲ್ಲಿ, ಶವರಿನಿಂದ ದೂರ ಗೀಸರು ಇರಲಿ, ಅದರ ಪ್ಲಗ್ಗೂ ಅಲ್ಲೇ ಮೇಲೆ ಇರಲಿ. ಅದನ್ನು ಹಚ್ಚುವ, ಆರಿಸುವ ಸ್ವಿಚ್ಚು ಮಾತ್ರ ಹೊರಗೆ ಬರಲಿ. ಅದೂ ಡಿಪಿ ಸ್ವಿಚ್ಚು, ಫೇಸು ನ್ಯೂಟ್ರಲು ಎರಡನ್ನೂ ಒಟ್ಟಿಗೆ ಕಡಿಯುವಂಥದ್ದು. ಯಾಕೆ ಅಂದರೆ ಕಾಕಾ ನಮ್ಮ ಓಣಿಯ ಇನ್ನೊಂದು ಮನೆಯಲ್ಲಿ ನೋಡಿದಾಗ ಸ್ವಿಚ್ಚನ್ನು ನ್ಯೂಟ್ರಲ್ ವೈರಿಗೆ ಹಾಕಿದ್ದರು. ಸ್ವಿಚ್ ಆಫ್ ಮಾಡಿದರೆ ಗೀಸರಿನ ಕೆಂಪು ದೀಪ ಆರುತ್ತೆ, ನೀರು ಕಾಯಲ್ಲ. ಕಾಯಿಲ್‌ಗೆ ಮಾತ್ರ ಫೇಸು ಬರುತ್ತಲೇ ಇರುತ್ತೆ. ಆ ಮನೆಯ ಅಕ್ಕ ಮಕ್ಕಳಿಗೆ ಸ್ನಾನ ಮಾಡಿಸುವ ಮುಂಚೆ ನೆನಪಿಟ್ಟು ಗೀಸರ್ ಆಫ್ ಮಾಡುತ್ತಿದ್ದರು. ಎರಡು ವರ್ಷ ಆ ಆಫ್ ಸುಳ್ಳು ಆಫ್ ಆಗಿತ್ತು.

ಸ್ವಿಚ್ಚು ಹೊರಗೆ ಯಾಕೆ ಅನ್ನೋದಕ್ಕೆ ನೀರು ಸಿಡಿಯುವುದು, ಉಗಿ ಒಳಗೆ ಹೋಗುವುದು ಎಲ್ಲ ಕಾರಣ ಸರಿ. ನನಗೆ ಅದಕ್ಕಿಂತ ದೊಡ್ಡ ಕಾರಣ ಅವತ್ತಿನ ಚಿಲಕ. ಬಚ್ಚಲು ಮನೆಯಲ್ಲಿ ಒಳಗಿಂದ ಚಿಲಕ ಹಾಕಿಕೊಳ್ಳುವ ಜಾಗ. ಒಳಗೆ ಇರುವವರು ಒಬ್ಬರೇ, ಮೈಮೇಲೆ ಬಟ್ಟೆ ಇಲ್ಲ, ಕೈ ಕಾಲು ತೊಯ್ದಿದೆ, ನೆಲ ತೊಯ್ದಿದೆ. ಶಾಕ್ ಹೊಡೆದರೆ ಕೂಗಲು ಆಗುತ್ತೋ ಇಲ್ಲವೋ. ಹೊರಗೆ ಇರುವವರು ಬಾಗಿಲು ಒಡೆಯುತ್ತಾರೆ, ಒಡೆದ ಗಾಬರಿಯಲ್ಲಿ ನೇರ ಹೋಗಿ ಬಿದ್ದವರನ್ನು ಮುಟ್ಟುತ್ತಾರೆ, ಅವರೂ ಬೀಳುತ್ತಾರೆ. ಸ್ವಿಚ್ಚು ಹೊರಗೆ ಇದ್ದರೆ ಐದು ವರ್ಷದ ಹುಡುಗನೂ ಆಫ್ ಮಾಡಬಹುದು.

ನಮ್ಮ ಊರಿಗೆ ಇದು ಇನ್ನೂ ಜಾಸ್ತಿ ಮುಖ್ಯ. ಇಲ್ಲಿ ನಳದ ನೀರು ದಿನಾ ಬರುವ ಓಣಿಗಳು ಇವೆ, ಎಷ್ಟೋ ದಿನಕ್ಕೊಮ್ಮೆ ಬರುವ ಓಣಿಗಳೂ ಇವೆ. ನೀರು ಬಿಟ್ಟ ದಿನ ಹೆಂಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ಬಚ್ಚಲಲ್ಲಿ. ಒತ್ತಡ ಸಾಲದು ಅಂತ ಸಣ್ಣ ಮೋಟರನ್ನು ತಂದು ಬಚ್ಚಲಿನ ಪ್ಲಗ್ಗಿಗೇ ಚುಚ್ಚುತ್ತಾರೆ, ವೈರು ತೊಯ್ದ ನೆಲದ ಮೇಲೆ ಬಿದ್ದಿರುತ್ತೆ, ಹೆಂಗಸರು ಬರಿಗಾಲಲ್ಲಿ ಅದನ್ನು ದಾಟುತ್ತ ಕೊಡ ತುಂಬುತ್ತಾರೆ. ಗೀಸರ್ ಇಲ್ಲದ ಮನೆಯಲ್ಲಿ ಬಕೆಟ್ಟಿಗೆ ಹೀಟರ್ ಕಾಯಿಲ್ ಇಳಿಬಿಡುತ್ತಾರೆ. ನೀರು ಕಾಯ್ದಿದೆಯಾ ಅಂತ ಬೆರಳು ಅದ್ದಿ ನೋಡುವುದು ನಮ್ಮ ಕೈಯ ಅಭ್ಯಾಸ, ಹಂಡೆಯ ಕಾಲದಿಂದ ಬಂದದ್ದು. ಹಂಡೆಗೆ ನಡೆಯುತ್ತಿತ್ತು. ಕಾಯಿಲ್‌ಗೆ ನಡೆಯಲ್ಲ. ಪ್ಲಗ್ಗು ಕಿತ್ತ ಮೇಲೆಯೇ ಬೆರಳು. ಐಎಸ್ಐ ಗುರುತು ಇಲ್ಲದ ಕಾಯಿಲ್ ಮನೆಗೆ ತರಲೇಬೇಡಿ.

ಧಾರವಾಡದ ಪಿಜಿಗಳ ವಿಷಯ ಬೇರೆಯೇ ಇದೆ. ಸಪ್ತಾಪುರ, ಕಲ್ಯಾಣನಗರದ ಕಡೆ ಪರೀಕ್ಷೆಗೆ ಓದಲು ಬಂದ ಮಕ್ಕಳು ಎಷ್ಟು ಜಿಲ್ಲೆಯವರು! ರಾಯಚೂರು, ಕೊಪ್ಪಳ, ವಿಜಯಪುರ, ಎಲ್ಲ ಕಡೆಯಿಂದ ಅಪ್ಪ ಅವ್ವ ಸಾಲ ಮಾಡಿ ಕಳಿಸಿರುತ್ತಾರೆ. ಹತ್ತು ಜನಕ್ಕೆ ಒಂದು ಬಚ್ಚಲು, ಒಂದು ಗೀಸರು. ಬೆಳಗ್ಗೆ ಐದರಿಂದ ಒಂಬತ್ತರ ತನಕ ಅದು ಆರುವುದೇ ಇಲ್ಲ. ನಮ್ಮ ಸಂಬಂಧಿಕರ ಹುಡುಗಿ ಇರುವ ಪಿಜಿಗೆ ಹೋಗಿದ್ದೆ. ಬಚ್ಚಲೊಳಗಿನ ಬೋರ್ಡಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿತ್ತು, ಶವರಿನ ಪಕ್ಕದ ಸೋಪಿನ ಕಪಾಟಿನಲ್ಲಿ ಮೊಬೈಲು. ಹಾಡು ಕೇಳುತ್ತ ಸ್ನಾನ ಮಾಡುತ್ತಾರಂತೆ. ಬೈದೆ. "ಅಂಟೀ, ರೂಮಿನ್ಯಾಗ ಒಂದ ಪ್ಲಗ್ ಐತ್ರಿ, ನಾಕ ಮಂದಿ ಅದೀವಿ, ಎಲ್ಲಿ ಹಾಕೂಣ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮಕ್ಕಳನ್ನು ಬೈದು ಏನೂ ಪ್ರಯೋಜನ ಇಲ್ಲ. ಆ ಪ್ಲಗ್ಗು ಅಲ್ಲಿ ಇರಲೇಬಾರದಿತ್ತು.

ನಮ್ಮ ಮನೆ ಮಾಲಕರಿಗೆ ಅವತ್ತೇ ಫೋನ್ ಮಾಡಿದ್ದೆ. "ಹದಿನೈದ ವರ್ಷದಿಂದ ಹಂಗ ಐತ್ರಿ, ಯಾರಿಗೂ ಏನೂ ಆಗಿಲ್ಲ" ಅಂದರು. ಕೆಟ್ಟವರಲ್ಲ. ನನ್ನ ಮಗನ ಹುಟ್ಟುಹಬ್ಬಕ್ಕೆ ಪೇಢಾ ತಂದುಕೊಡುವ ಮನುಷ್ಯ. ಅವರಿಗೆ ನಿಜವಾಗಿಯೂ ಇದು ಗೊತ್ತಿರಲಿಲ್ಲ. ಕಾಕಾ ಆ ಕತ್ತರಿಸಿದ ಹಸಿರು ವೈರನ್ನು ಅವರ ಕೈಗೇ ಕೊಟ್ಟು ತೋರಿಸಿದ ಮೇಲೆ ಮಾತಾಡಲಿಲ್ಲ. ಖರ್ಚಿನಲ್ಲಿ ಅರ್ಧ ಬಾಡಿಗೆಯಲ್ಲಿ ಮುರಿದುಕೊಳ್ಳಿ ಅಂದರು. ಆಮೇಲೆ ಕೆಳಗಿನ ಎರಡು ಮನೆಗೂ ತಾವೇ ಮಾಡಿಸಿದರು.

ಆರ್‌ಸಿಸಿಬಿ ಹಾಕಿದ ಮೊದಲ ವಾರ ಇನ್ನೊಂದು ಪರೀಕ್ಷೆ. ದಿನಕ್ಕೆ ಮೂರು ಸಲ ಬೀಳುತ್ತಿತ್ತು. ಹಾಕಿದ ಹುಡುಗನನ್ನು ಕರೆದರೆ "ಅಕ್ಕಾರ, ಹಳೀ ವೈರಿಂಗಿಗೆ ಇದು ಸೆಟ್ ಆಗಂಗಿಲ್ರಿ, ಬೈಪಾಸ್ ಮಾಡಿಬಿಡತೀನಿ" ಅಂದ. ಎಷ್ಟು ಮನೆಗಳಲ್ಲಿ ಕತೆ ಇಲ್ಲಿಗೇ ಮುಗಿದಿರುತ್ತೋ. ಪೆಟ್ಟಿಗೆ ಗೋಡೆಯ ಮೇಲೆ ಚಂದ ಕಾಣುತ್ತೆ, ಒಳಗೆ ವೈರು ಅದನ್ನು ಬಿಟ್ಟು ಪಕ್ಕದಿಂದ ಹೋಗಿರುತ್ತೆ. ಕಾಕಾ ಒಪ್ಪಲಿಲ್ಲ. ಒಂದೊಂದೇ ಲೈನ್ ಬಿಡಿಸಿ ನೋಡಿದರು. ಹಿತ್ತಲ ಲೈಟಿನ ಹೋಲ್ಡರಿನಲ್ಲಿ ಮಳೆ ನೀರು ಕೂತು ಕರೆಂಟು ಗೋಡೆಗೆ ಸೋರುತ್ತಿತ್ತು. ಅದನ್ನು ಬದಲಿಸಿದ ಮೇಲೆ ಪೆಟ್ಟಿಗೆ ಸುಮ್ಮನಾಯಿತು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಆ ಗೋಡೆಗೆ ನನ್ನ ಮಗ ಎಷ್ಟು ಸಲ ಒರಗಿ ನಿಂತಿದ್ದಾನೋ. ವೈರಿಂಗ್ ಮಾಡುವ ಅಣ್ಣಂದಿರೇ, ಕೈ ಮುಗಿದು ಕೇಳುತ್ತೇನೆ, ಅದು ಬಿದ್ದರೆ ಬೈಪಾಸ್ ಮಾಡಬೇಡಿ. ಎಲ್ಲಿ ಸೋರುತ್ತಿದೆ ಅಂತ ಹುಡುಕಿ. ಹುಡುಕಿದ್ದಕ್ಕೆ ಬೇರೆ ಕೂಲಿ ಕೇಳಿ, ಕೊಡುತ್ತೇವೆ. ಇನ್ವರ್ಟರ್ ಇರುವ ಮನೆಯಲ್ಲಿ ಬಚ್ಚಲ ಲೈಟು ಯಾವ ಲೈನಿನಲ್ಲಿದೆ ಅಂತಲೂ ಹೇಳಿ ಹೋಗಿ. ಕರೆಂಟ್ ಹೋಗಿದೆ ಅಂದುಕೊಂಡು ತೊಯ್ದ ಕೈಯಲ್ಲಿ ಬಲ್ಬು ಬಿಚ್ಚುವವರು ನಾವೇ.

ಇನ್ನು ಹೆಸ್ಕಾಂನವರಲ್ಲಿ ಒಂದು ಮಾತು. ಮೀಟರ್ ತನಕ ನಿಮ್ಮದು, ಮೀಟರಿನಿಂದ ಒಳಗೆ ಮನೆಯವರದು ಅಂತ ನನಗೂ ಗೊತ್ತು. ನಾನು ದೂರು ಕೊಡುತ್ತಿಲ್ಲ. ಆದರೆ ಒಳಗಿನ ವೈರಿಂಗ್ ನಿಮ್ಮ ಮುಂದೆ ಬರುವ ಒಂದು ಗಳಿಗೆ ಇದೆ. ಹೊಸ ಮೀಟರ್ ಕೇಳಿದಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿಯ ಟೆಸ್ಟ್ ರಿಪೋರ್ಟ್ ನಿಮ್ಮ ಟೇಬಲ್ಲಿಗೆ ಬರುತ್ತೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ ಇದು ಇತ್ತು, ಕರೆಂಟು ಕೊಡುವವರು ತಾವೇ ಪರೀಕ್ಷೆ ಮಾಡಬೇಕು, ಇಲ್ಲಾ ಗುತ್ತಿಗೆದಾರ ಸಹಿ ಮಾಡಿದ ವರದಿ ಒಪ್ಪಬೇಕು ಅಂತ. ಸೋರಿಕೆ ಹಿಡಿಯುವ ಸಾಧನದ ಮಾತೂ ಅದೇ ನಿಯಮಗಳಲ್ಲಿ ಇತ್ತು. 2023ರಲ್ಲಿ ಆ ನಿಯಮಗಳು ಹೊಸದಾಗಿ ಬಂದವು. ನಿಯಮ ಮಾಡುವವರು ತಮ್ಮ ಕೆಲಸ ಮಾಡಿದ್ದಾರೆ. ನಾನು ಕೇಳುವುದು ಆ ರಿಪೋರ್ಟಿನ ಜೊತೆ ಬಚ್ಚಲಿಗೆ ಅಂತಲೇ ಎರಡು ಸಾಲು. ಸ್ವಿಚ್ಚು ಹೊರಗಿದೆಯಾ? 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿ, ಗುಂಡಿ ಒತ್ತಿ ನೋಡಿದ್ದೀರಾ? ಸಹಿ ಮಾಡುವವರು ಇದಕ್ಕೆ ಬೇರೆ ಸಹಿ ಮಾಡಲಿ. ಬಚ್ಚಲಿನ ಒಂದು ಫೋಟೊ ಹಚ್ಚಲಿ. ಮೊಬೈಲ್ ಎಲ್ಲರ ಕೈಯಲ್ಲೂ ಇದೆ.

ಹಳೇ ಮನೆಗಳದ್ದೇ ದೊಡ್ಡ ಚಿಂತೆ, ಅವು ಮತ್ತೆ ಮೀಟರ್ ಕೇಳಿಕೊಂಡು ನಿಮ್ಮ ಹತ್ತಿರ ಬರಲ್ಲ. ಆದರೆ ತಿಂಗಳಿಗೊಮ್ಮೆ ನಿಮ್ಮ ಮೀಟರ್ ಓದುವವರು ಪ್ರತಿ ಮನೆಯ ಬಾಗಿಲಿಗೆ ಬರುತ್ತಾರೆ. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಉತ್ತರ ಕನ್ನಡ, ಏಳು ಜಿಲ್ಲೆ ನಿಮ್ಮದು. ಅಷ್ಟು ಮನೆಗೆ ಹೋಗುವ ಕಾಗದ ಇನ್ನೊಂದು ಯಾವುದಿದೆ? ಬಿಲ್ಲಿನ ಕೆಳಗೆ ಕನ್ನಡದಲ್ಲಿ ಒಂದು ಸಾಲು ಸಾಕು. "ಗೀಸರಿನ ಸ್ವಿಚ್ ಬಚ್ಚಲ ಹೊರಗಿದೆಯೇ? ಆರ್‌ಸಿಸಿಬಿಯ ಟಿ ಗುಂಡಿ ಈ ತಿಂಗಳು ಒತ್ತಿದಿರಾ?"

ಪಾಲಿಕೆಯವರೇ, ಮನೆ ಕಟ್ಟಲು ಪರವಾನಗಿ ಕೊಡುವಾಗ ನಕ್ಷೆಯಲ್ಲಿ ಬಚ್ಚಲು ಎಲ್ಲಿ, ಕಿಟಕಿ ಎಷ್ಟು ದೊಡ್ಡದು ಅಂತ ನೋಡುತ್ತೀರಿ. ಸ್ವಿಚ್ಚು ಯಾವ ಗೋಡೆಯಲ್ಲಿ ಅನ್ನೋದನ್ನೂ ನೋಡಿ. ಪಿಜಿಗಳಿಗೆ ಲೈಸೆನ್ಸ್ ಕೊಡುವಾಗ, ನವೀಕರಿಸುವಾಗ ಒಬ್ಬರು ಹೋಗಿ ಬಚ್ಚಲ ಬಾಗಿಲು ತೆಗೆದು ಒಳಗೆ ಕಣ್ಣು ಹಾಯಿಸಿ ಬರಲಿ. ಬೋರ್ಡು ಒಳಗಿದ್ದರೆ ಹೊರಗೆ ಹಾಕಿಸಿದ ಮೇಲೆ ಲೈಸೆನ್ಸ್ ಕೊಡಿ. ಅದನ್ನು ನೋಡಲು ಮೀಟರು, ಯಂತ್ರ ಏನೂ ಬೇಡ.

ಓದುತ್ತಿರುವ ನಮ್ಮ ಜನರಿಗೂ ಒಂದು ಮಾತು ಹೇಳಿಬಿಡುತ್ತೇನೆ, ದೇವರ ದಯದಿಂದ ಬೇಕಾಗದಿರಲಿ. ಯಾರಿಗಾದರೂ ಕರೆಂಟು ಹಿಡಿದಿದ್ದರೆ ಮುಟ್ಟಬೇಡಿ. ಮೊದಲು ಮೇನ್ ಆಫ್. ಅದು ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ದೂರ ತಳ್ಳಿ, ನೀವು ತೊಯ್ದ ನೆಲದ ಮೇಲೆ ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು ಜೋರಾಗಿ, ಬೇಗ ಬೇಗ ಒತ್ತುತ್ತಲೇ ಇರಿ, ಆಂಬುಲೆನ್ಸ್ ಬರುವ ತನಕ ಬಿಡಬೇಡಿ. ನಿಮ್ಮ ಎಂಸಿಬಿ ಮೇಲೆ ಇವತ್ತೇ ಮಾರ್ಕರ್ ಪೆನ್ನಿನಿಂದ ಬರೆಯಿರಿ, ಗೀಸರ್, ಅಡಿಗೆಮನೆ, ಮೇಲಿನ ಮನೆ ಅಂತ. ನಾನು ಜಿನೆ ಅಡಿಯ ಕತ್ತಲಲ್ಲಿ ನಿಂತ ಹಾಗೆ ನೀವು ನಿಲ್ಲಬಾರದು.

ಪ್ರತಿ ವರ್ಷ ಜೂನ್ 26ರಿಂದ ಜುಲೈ 2ರ ತನಕ ವಿದ್ಯುತ್ ಸುರಕ್ಷತಾ ಸಪ್ತಾಹ ಇರುತ್ತೆ. ನಮ್ಮಲ್ಲಿ ಮಳೆ ಹಿಡಿಯುವ ಹೊತ್ತೇ ಅದು. ಜಾಥಾ ಮಾಡಿ, ಬ್ಯಾನರ್ ಹಿಡಿಯಿರಿ, ಬೇಡ ಅನ್ನಲ್ಲ. ಆದರೆ ಈ ಸಲ ಒಂದು ದಿನ ಓಣಿಯೊಳಗೂ ಬನ್ನಿ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದುವ ಹುಡುಗರನ್ನು ಜೊತೆಗೆ ಕರೆತನ್ನಿ, ಅವರಿಗೂ ಕೈಗೆ ಕೆಲಸ ಸಿಗುತ್ತೆ. ನಾನು ನಮ್ಮ ಓಣಿಯಲ್ಲಿ ಮನೆ ಮನೆಗೆ ಹೋಗಿ ಕೇಳಿದ್ದೇನೆ. ಹದಿನಾಲ್ಕು ಮನೆಯಲ್ಲಿ ಹನ್ನೊಂದು ಮನೆಯವರು ಬಚ್ಚಲು ತೋರಿಸಲು ಒಪ್ಪಿದ್ದಾರೆ. ಕಾಕಾ ಟೆಸ್ಟರ್ ಹಿಡಿದು ನಿಲ್ಲುತ್ತೇನೆ ಅಂದಿದ್ದಾರೆ. ಅವ್ವ ಆ ಹೊತ್ತಿಗೆ ಬಂದಿರುತ್ತಾಳೆ, ಚಹಾ ಅವಳದು. ಯಾವ ದಿನ ಅಂತ ತಿಳಿಸಿ.

ಇಂತಿ,
ಧಾರವಾಡದ ಒಬ್ಬ ಬಾಡಿಗೆದಾರಳು